ಒಳಗೆ ಎಷ್ಟು ಜನ ಸಿಸ್ಟರ್ ಇದ್ದಾರೆ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ಕಡೂರಿನಿಂದ ನಮ್ಮ ಅಪ್ಪ ನಿಮ್ಮ ಪತ್ರಿಕೆಯ ಒಂದು ಪುಟದ ಫೋಟೊ ತೆಗೆದು ವಾಟ್ಸ್ಯಾಪ್ ಮಾಡಿದ್ದರು. ಮೂಲೆಯಲ್ಲಿ ಅವರ ಹೆಬ್ಬೆರಳೂ ಬಂದಿತ್ತು. ನರ್ಸಿಂಗ್ ಓದಿದವರಿಗೆ ಅಮೆರಿಕದಲ್ಲಿ ಭಾರೀ ಬೇಡಿಕೆ, ‘ಟ್ರಾವೆಲ್ ನರ್ಸ್’ ಆದರೆ ವಾರಕ್ಕೆ ಎಂಟು ಲಕ್ಷ ರೂಪಾಯಿ, ಊರೂರು ಸುತ್ತಿಕೊಂಡೇ ಸಂಪಾದನೆ, ಅಂತ ಬರಹ. ಪಕ್ಕದಲ್ಲೇ ಒಂದು ಕೋಚಿಂಗ್ ಸೆಂಟರಿನ ಜಾಹೀರಾತು. ಕೆಳಗೆ ಅಪ್ಪ ಟೈಪ್ ಮಾಡಿದ್ದರು: “ಇದು ನಿಜವೇನಮ್ಮಾ? ಪಕ್ಕದ ಮನೆ ಹುಡುಗಿ ಕೇಳ್ತಾ ಇದ್ದಾಳೆ. ಎರಡನೇ ವರ್ಷದ ನರ್ಸಿಂಗ್.”

ಆ ಹುಡುಗಿಗೆ ಫೋನಿನಲ್ಲೇ ಹೇಳಿಬಿಡಬಹುದಿತ್ತು. ಆದರೆ ಆ ಪುಟವನ್ನು ಅವಳೊಬ್ಬಳೇ ಓದಿರುವುದಿಲ್ಲ, ಅಲ್ವಾ? ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಉದ್ದವಾಯಿತು ಅನ್ನಿಸಿದರೆ ಕತ್ತರಿಸಿ. ಕೊನೆಯ ಭಾಗವನ್ನು ಮಾತ್ರ ದಯವಿಟ್ಟು ಉಳಿಸಿ.

ನಾನು ಟ್ರಾವೆಲ್ ನರ್ಸ್. ಈಗ ಇರುವುದು ನಾರ್ತ್ ಡಕೋಟಾ ಅನ್ನುವ ರಾಜ್ಯದಲ್ಲಿ, ಒಬ್ಬ ಅಜ್ಜಿಯ ಮನೆಯ ನೆಲಮಾಳಿಗೆಯ ಬಾಡಿಗೆ ಕೋಣೆಯಲ್ಲಿ. ಹೊರಗೆ ಮೈನಸ್ 24 ಡಿಗ್ರಿ. ಡಲ್ಲಾಸ್ ಹತ್ತಿರದ ನಮ್ಮ ಮನೆಯಿಂದ ಎರಡು ದಿನ ಕಾರು ಓಡಿಸಿಕೊಂಡು ಬಂದೆ. ಹಿಂದಿನ ಸೀಟಿನಲ್ಲಿ ಕುಕ್ಕರ್, ಸೋನಾ ಮಸೂರಿ ಚೀಲ, ಅಮ್ಮ ಕಳಿಸಿದ ಸಾರಿನ ಪುಡಿ. ಇದು ನನ್ನ ಹನ್ನೊಂದನೇ ಕಾಂಟ್ರಾಕ್ಟ್.

ಟ್ರಾವೆಲ್ ನರ್ಸ್ ಅಂದರೆ ಆಸ್ಪತ್ರೆಯ ನೌಕರಳಲ್ಲ. ಒಂದು ಏಜೆನ್ಸಿ ನಮ್ಮನ್ನು ಕಳಿಸುತ್ತದೆ. ಎಲ್ಲಿ ನರ್ಸ್ ಕಮ್ಮಿ ಬಿದ್ದಿದ್ದಾರೋ ಅಲ್ಲಿಗೆ, ಸಾಮಾನ್ಯವಾಗಿ 13 ವಾರಕ್ಕೆ. ವಾರಕ್ಕೆ 36 ಗಂಟೆ, ಅಂದರೆ ಹನ್ನೆರಡು ಗಂಟೆಯ ಮೂರು ಪಾಳಿ. ನಾನು ಮಾಡುವುದು ರಾತ್ರಿ ಪಾಳಿ. ಒಂದು ವಾರದ ಕೊನೆಯ ಮೂರು ರಾತ್ರಿ, ಮುಂದಿನ ವಾರದ ಮೊದಲ ಮೂರು ರಾತ್ರಿ, ಆರನ್ನೂ ಒಟ್ಟಿಗೆ ಮುಗಿಸಿದರೆ ಎಂಟು ದಿನ ಬಿಡುವು ಸಿಗುತ್ತದೆ. ಆಗ ವಿಮಾನ ಹತ್ತಿ ಮನೆಗೆ, ಮಗನ ಹತ್ತಿರಕ್ಕೆ. ಮೊದಲ ಎರಡು ದಿನ ಬರೀ ನಿದ್ದೆ ಅನ್ನುವುದು ಬೇರೆ ಮಾತು.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡುತ್ತೇನೆ. ಆ ಎಂಟು ಲಕ್ಷ ಸುಳ್ಳಲ್ಲ, ಹಳೆಯದು. 2020–21ರಲ್ಲಿ ಕೋವಿಡ್ ಜೋರಾಗಿದ್ದಾಗ ಕೆಲವು ಕಡೆ ಐಸಿಯು ನರ್ಸ್‌ಗಳಿಗೆ ವಾರಕ್ಕೆ ಎಂಟು, ಹತ್ತು ಸಾವಿರ ಡಾಲರ್ ಕೊಟ್ಟದ್ದುಂಟು. ಆಗ ನಾನು ಟೆಕ್ಸಾಸ್‌ನ ಒಂದು ಆಸ್ಪತ್ರೆಯಲ್ಲಿ ಕಾಯಂ ನರ್ಸ್. ಪಕ್ಕದ ಬೆಡ್ ನೋಡುತ್ತಿದ್ದ ಟ್ರಾವೆಲರ್‌ಗೆ ನನ್ನ ಮೂರರಷ್ಟು ಸಂಬಳ. ಅವಳಿಗೆ ಸಾಮಾನು ಎಲ್ಲಿದೆ ಅಂತ ತೋರಿಸಿಕೊಡುತ್ತಿದ್ದವಳು ನಾನು! ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ. 2021ರ ಕೊನೆಗೆ ನಾನೂ ರಾಜೀನಾಮೆ ಕೊಟ್ಟು ಹೊರಟೆ. ಅಷ್ಟು ಹೊತ್ತಿಗೆ ಜಾತ್ರೆ ಮುಗಿಯುತ್ತಾ ಬಂದಿತ್ತು. ಈಗಿನ ಕಾಂಟ್ರಾಕ್ಟಿನಲ್ಲಿ ನನಗೆ ವಾರಕ್ಕೆ 2,200 ಡಾಲರ್. ಅದರಲ್ಲೊಂದು ಭಾಗ ಬಾಡಿಗೆ ಮತ್ತು ಊಟದ ಭತ್ಯೆಯಾಗಿ ಬರುತ್ತದೆ, ಅದಕ್ಕೆ ತೆರಿಗೆ ಇಲ್ಲ. ಆದರೆ ಸ್ವಂತ ಊರಲ್ಲೂ ಒಂದು ಮನೆ ನಡೆಸುತ್ತಿದ್ದರೆ ಮಾತ್ರ ಆ ಸವಲತ್ತು. ಎರಡೂ ಕಡೆಯ ಮನೆ ಖರ್ಚು, ವಿಮಾನದ ಟಿಕೆಟ್, ಎರಡು ಕಾಂಟ್ರಾಕ್ಟಿನ ನಡುವೆ ಸುಮ್ನೆ ಕೂರುವ ವಾರಗಳು, ಎಲ್ಲ ಕಳೆದರೂ ಕಾಯಂ ನರ್ಸ್‌ಗಿಂತ ಕೈಗೆ ಸ್ವಲ್ಪ ಜಾಸ್ತಿಯೇ ಉಳಿಯುತ್ತದೆ. ಜಾಹೀರಾತಿನಲ್ಲಿ ಹೇಳಿದಷ್ಟಲ್ಲ.

ಇನ್ನೊಂದು ಮಾತನ್ನು ಆ ಬರಹ ಹೇಳಲೇ ಇಲ್ಲ. ಕಡೂರಿನಿಂದ ನೇರವಾಗಿ ಟ್ರಾವೆಲ್ ನರ್ಸ್ ಆಗಿ ಬರಲು ದಾರಿಯಿಲ್ಲ. ನರ್ಸ್‌ಗಳನ್ನು ಇಲ್ಲಿಗೆ ಕರೆಸಿಕೊಳ್ಳುವುದು ಸಾಮಾನ್ಯವಾಗಿ ಇಬಿ-3 ಅನ್ನುವ ಗ್ರೀನ್ ಕಾರ್ಡ್ (ಇಲ್ಲೇ ಕಾಯಂ ನೆಲೆಸುವ ಪರವಾನಗಿ) ಸಾಲಿನಲ್ಲಿ. ಒಂದೊಂದು ದೇಶಕ್ಕೆ ಶೇ 7ರ ಮಿತಿ ಇರುವುದರಿಂದ ಭಾರತದವರ ಸಾಲು ಹತ್ತು ವರ್ಷಕ್ಕೂ ಉದ್ದ. ಆ ಸಾಲು ದಾಟಿ ಬಂದರೂ ಕರೆಸಿಕೊಂಡವರ ಹತ್ತಿರ ಎರಡು ಮೂರು ವರ್ಷ ಕೆಲಸ ಮಾಡುತ್ತೇನೆಂದು ಬರೆದುಕೊಟ್ಟಿರಬೇಕು. ನಡುವೆ ಬಿಟ್ಟರೆ ದಂಡ. ಊರೂರು ಸುತ್ತುವುದೆಲ್ಲ ಆಮೇಲಿನ ಮಾತು.

ಹಾಗಾದರೆ ನಾನು ಹೇಗೆ ಬಂದೆ? ಮದುವೆಯಾಗಿ ಬಂದೆ. ಮಂಗಳೂರಿನಲ್ಲಿ ಬಿಎಸ್‌ಸಿ ನರ್ಸಿಂಗ್, 2006ರಿಂದ ನಾಲ್ಕು ವರ್ಷ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯು, 2010ರಲ್ಲಿ ಮದುವೆ. ಗಂಡ ಸಾಫ್ಟ್‌ವೇರ್, ಎಚ್-1ಬಿ ಅನ್ನುವ ಕೆಲಸದ ವೀಸಾ. ನಾನು ಎಚ್-4, ಅಂದರೆ ಹೆಂಡತಿ ವೀಸಾ. ಕೆಲಸ ಮಾಡುವ ಹಾಗಿಲ್ಲ. ವೆಂಟಿಲೇಟರ್ ನೋಡಿಕೊಳ್ಳುತ್ತಿದ್ದವಳು ಐದು ವರ್ಷ ಅಪಾರ್ಟ್‌ಮೆಂಟಿನ ಕಿಟಕಿಯಿಂದ ಪಾರ್ಕಿಂಗ್ ಲಾಟ್ ನೋಡಿಕೊಂಡು ಕೂತಿದ್ದೆ. 2015ರ ಮೇ 26ರಿಂದ ನನ್ನಂಥ ಕೆಲವರಿಗೆ ಕೆಲಸದ ಪರವಾನಗಿ ಕೊಡಲು ಶುರು ಮಾಡಿದರು. ಅದು ಬರುವ ಮೊದಲೇ, ಹಟಕ್ಕೆ ಬಿದ್ದು, ಇಲ್ಲಿ ನರ್ಸ್ ಲೈಸೆನ್ಸ್‌ಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ ಬರೆದಿದ್ದೆ. ಕಂಪ್ಯೂಟರಿನ ಎದುರು ಕೂರಿಸುತ್ತಾರೆ. ನಾವು ಕೊಡುವ ಉತ್ತರ ನೋಡಿಕೊಂಡು ಅದು ಮುಂದಿನ ಪ್ರಶ್ನೆ ಕೇಳುತ್ತದೆ. ಆಗಿನ ಲೆಕ್ಕದಲ್ಲಿ ಕಡಿಮೆಯೆಂದರೆ 75 ಪ್ರಶ್ನೆ, ಜಾಸ್ತಿಯೆಂದರೆ 265. ನನ್ನದು 75ಕ್ಕೇ ನಿಂತುಹೋಯಿತು. ಪಾಸೋ ಫೇಲೋ ತಿಳಿಯದೆ ಪಾರ್ಕಿಂಗ್‌ನಲ್ಲಿ ಕೂತು ಅತ್ತೆ. ಪಾಸಾಗಿತ್ತು.

ಓದಿದ್ದು ಅಷ್ಟೇನೂ ಕಷ್ಟ ಅನ್ನಿಸಲಿಲ್ಲ. ಕಷ್ಟ ಕೊಟ್ಟದ್ದು ಔಷಧಿಗಳ ಹೆಸರು. ನಮ್ಮ ಅಡ್ರಿನಲಿನ್ ಇಲ್ಲಿ ಎಪಿನೆಫ್ರಿನ್. ಪ್ಯಾರಾಸಿಟಮಾಲ್ ಇಲ್ಲಿ ಅಸೆಟಮಿನೊಫೆನ್. ನೆಬುಲೈಸರ್‌ಗೆ ಹಾಕುವ ಸಾಲ್ಬುಟಮಾಲ್ ಇಲ್ಲಿ ಅಲ್ಬುಟೆರಾಲ್. ಬಿದ್ದುಹೋದ ಬಿಪಿ ಎತ್ತಿ ಹಿಡಿಯುವ, ನಾವು ‘ನಾರ್‌ಅಡ್’ ಅನ್ನುತ್ತಿದ್ದ ನಾರ್‌ಅಡ್ರಿನಲಿನ್ ಇಲ್ಲಿ ‘ಲೆವೊಫೆಡ್’. ಇವತ್ತಿಗೂ ಗಾಬರಿಯಾದಾಗ ನನ್ನ ಬಾಯಿಗೆ ಮೊದಲು ಬರುವುದು ನಾರ್‌ಅಡ್ ಅಂತಲೇ.

ಇನ್ನು ಕೆಲಸದ ವಿಷಯ. ಹೊಸ ಆಸ್ಪತ್ರೆಯ ಮೊದಲ ದಿನ ಮದುವೆಯಾಗಿ ಬಂದ ಸೊಸೆಯ ಮೊದಲ ದಿನದ ಹಾಗೆ. ಉಪ್ಪಿನ ಡಬ್ಬಿ ಎಲ್ಲಿದೆ ಗೊತ್ತಿಲ್ಲ, ಆದರೆ ಅಡುಗೆ ಈಗಲೇ ಆಗಬೇಕು. ಬ್ಯಾಡ್ಜ್ ಬಾಗಿಲಿಗೆ ಹಿಡಿದರೆ ತೆರೆಯುವುದಿಲ್ಲ. ಔಷಧಿ ಬೀರುವಿಗೆ ಬೆರಳಚ್ಚು ಕೊಡಬೇಕು, ಅದು ನನ್ನ ಬೆರಳನ್ನು ಇನ್ನೂ ಗುರುತು ಹಿಡಿದಿಲ್ಲ. ತುರ್ತು ಕರೆಗೆ ಒತ್ತಬೇಕಾದ ನಂಬರ್ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು. ಡಯಾಲಿಸಿಸ್ ಯಂತ್ರ ಬೇರೆ ಕಂಪನಿಯದು. ಅದಕ್ಕೂ ಮುಂಚೆ ಇಸಿಜಿ ಗುರುತಿಸುವ ಪರೀಕ್ಷೆ, ಔಷಧಿ ಲೆಕ್ಕದ ಪರೀಕ್ಷೆ, ಮೂತ್ರ ಪರೀಕ್ಷೆ, ತಲೆಗೆ ಒಂದು ಮುಸುಕು ಹಾಕಿ ಒಳಗೆ ಕಹಿ ನೀರು ಸಿಂಪಡಿಸಿ ಮಾಸ್ಕ್ ಸರಿಯಾಗಿ ಕೂತಿದೆಯಾ ಅಂತ ನೋಡುವ ಪರೀಕ್ಷೆ. ಹನ್ನೊಂದು ಆಸ್ಪತ್ರೆ, ಹನ್ನೊಂದು ಸಲ. ಆಮೇಲೆ ಒಂದೋ ಎರಡೋ ಪಾಳಿ ಯಾರದೋ ಬೆನ್ನ ಹಿಂದೆ ಓಡಾಟ. ಮೂರನೇ ರಾತ್ರಿ ಇಬ್ಬರು ರೋಗಿಗಳು ನನ್ನ ಸುಪರ್ದಿಗೆ.

ಇಬ್ಬರು. ಈ ಪತ್ರ ಬರೆಯುತ್ತಿರುವುದೇ ಈ ಇಬ್ಬರು ಅನ್ನುವ ಮಾತಿಗಾಗಿ.

ನನ್ನದೊಂದು ಪದ್ಧತಿ ಇದೆ. ಹಿಂದಿನ ಪಾಳಿಯವರಿಂದ ಹ್ಯಾಂಡೋವರ್ ತೆಗೆದುಕೊಂಡ ಕೂಡಲೇ ಮೊದಲು ಬೆಡ್ಡಿನ ತಲೆಯ ಹತ್ತಿರ ಅಂಬು ಬ್ಯಾಗ್ ಇದೆಯಾ ನೋಡುತ್ತೇನೆ. ವೆಂಟಿಲೇಟರ್ ಕೈಕೊಟ್ಟರೆ ಕೈಯಲ್ಲಿ ಒತ್ತಿ ಉಸಿರು ಕೊಡಲು ಅದೇ ಬೇಕು. ಕಫ ಎಳೆಯುವ ಸಕ್ಷನ್ ಹಾಕಿ ಕಿವಿಗೊಟ್ಟು ಕೇಳುತ್ತೇನೆ, ಎಳೆತ ಇದೆಯಾ ಅಂತ. ಅಲಾರಂ ಮಿತಿ ಯಾರೋ ಬದಲಿಸಿರುತ್ತಾರೆ, ಸರಿ ಮಾಡುತ್ತೇನೆ. ಬಿಪಿ ಅಳೆಯುವ ಟ್ರಾನ್ಸ್‌ಡ್ಯೂಸರ್ ಹೃದಯದ ಮಟ್ಟಕ್ಕಿದೆಯಾ ನೋಡಿ ಸೊನ್ನೆ ಮಾಡುತ್ತೇನೆ. ಅದು ಸ್ವಲ್ಪ ಕೆಳಗಿದ್ದರೆ ಬಿಪಿ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಕೊನೆಗೆ ಪ್ರತಿ ಔಷಧಿಯ ಚೀಲದಿಂದ ರೋಗಿಯ ಮೈವರೆಗೆ ಪೈಪಿನ ಮೇಲೆ ಬೆರಳು ಎಳೆದುಕೊಂಡು ಹೋಗುತ್ತೇನೆ. ಈ ಚೀಲ, ಈ ಪಂಪು, ಈ ಪೈಪು, ಈ ರಕ್ತನಾಳ. ಏಳೆಂಟು ಪೈಪು ಇದ್ದರೆ ಏಳೆಂಟು ಸಲ. ಇಷ್ಟಕ್ಕೆ ಒಬ್ಬ ರೋಗಿಗೆ ಹದಿನೈದು ನಿಮಿಷ ಬೇಕು. ಇಬ್ಬರಿಗೆ ಅರ್ಧ ಗಂಟೆ. ಐದು ಜನರಿಗೆ ಎಷ್ಟಾಯಿತು? ಅಷ್ಟರಲ್ಲಿ ಮೊದಲನೆಯವರ ಒಂದು ಗಂಟೆಯ ಮೂತ್ರದ ಲೆಕ್ಕ ಬರೆಯುವ ಹೊತ್ತೂ ಮೀರಿರುತ್ತದೆ.

ಬೆಂಗಳೂರಿನಲ್ಲಿ ನನಗೆ ಐದು ಜನ ಇರುತ್ತಿದ್ದರು. ಹತ್ತು ಬೆಡ್, ರಾತ್ರಿ ಇಬ್ಬರು ಸಿಸ್ಟರ್. ಮೂರನೆಯವಳು ಬರಬೇಕಿತ್ತು, ಬರುತ್ತಿರಲಿಲ್ಲ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಆಗ ಅದು ವಿಶೇಷವೂ ಆಗಿರಲಿಲ್ಲ.

2008ರ ಒಂದು ರಾತ್ರಿ. ನನ್ನ ಐದರಲ್ಲಿ ಮೂವರು ವೆಂಟಿಲೇಟರ್ ಮೇಲೆ. ಒಬ್ಬ ಹೆಂಗಸಿಗೆ ಟ್ಯೂಬಿನಲ್ಲಿ ಕಫ ಕಟ್ಟಿ ಆಮ್ಲಜನಕ ಇಳಿಯುತ್ತಿತ್ತು, ಸಕ್ಷನ್ ಮಾಡುತ್ತಿದ್ದೆ. ಬೆನ್ನ ಹಿಂದೆ ಒಂದು ಪಂಪು ಕೂಗುತ್ತಿತ್ತು. ಐದು ರೋಗಿ ಅಂದರೆ ಹದಿನೈದು ಪಂಪು, ಯಾವುದೋ ಒಂದು ಯಾವಾಗಲೂ ಕೂಗುತ್ತಲೇ ಇರುತ್ತದೆ. ಕಿವಿ ಅದನ್ನು ಕೇಳುವುದನ್ನೇ ಬಿಟ್ಟಿರುತ್ತದೆ. ಹೆಂಗಸಿನ ಆಮ್ಲಜನಕ ಮೇಲೆ ಬಂತು, ಗ್ಲೌಸ್ ತೆಗೆದು ತಿರುಗಿದೆ. ಮೂಲೆಯ ಬೆಡ್ಡಿನ ಅಜ್ಜನ ನಾರ್‌ಅಡ್ ಸಿರಿಂಜ್ ಖಾಲಿಯಾಗಿತ್ತು. ಬಿಪಿಯ ಮೇಲಿನ ಅಂಕಿ 48. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಆ ಔಷಧಿ ದೇಹದಲ್ಲಿ ನಿಲ್ಲುವುದಿಲ್ಲ. ಹನಿ ನಿಂತ ಒಂದೆರಡು ನಿಮಿಷಕ್ಕೆ ಅದರ ಆಟ ಮುಗಿಯುತ್ತದೆ. ಅದಕ್ಕೇ ಒಂದು ಮುಗಿಯುವ ಮೊದಲೇ ಇನ್ನೊಂದು ಸಿರಿಂಜ್ ತುಂಬಿಸಿ ಪಕ್ಕದಲ್ಲಿ ಇಟ್ಟಿರಬೇಕು. ನಾನು ಇಟ್ಟಿರಲಿಲ್ಲ. ಹನ್ನೊಂದು ಗಂಟೆಗೆ ತುಂಬಿಸಬೇಕು ಅಂದುಕೊಂಡಿದ್ದೆ, ಹನ್ನೊಂದಕ್ಕೆ ಬೇರೊಬ್ಬರು ಬಂದು ಅಡ್ಮಿಟ್ ಆದರು.

ಆಂಪ್ಯೂಲ್ ಒಡೆಯುವಾಗ ಗಾಜು ಬೆರಳಿಗೆ ಚುಚ್ಚಿದ್ದು ಆಮೇಲೆ ಗೊತ್ತಾಯಿತು. ಬಿಪಿ ಮೇಲೆ ಬಂತು. ಅಜ್ಜ ಉಳಿದರು. ವಾರದ ಮೇಲೆ ವಾರ್ಡಿಗೆ ಹೋದರು. ಹೋಗುವ ದಿನ ಅವರ ಮಗ ಒಂದು ಡಬ್ಬಿ ಮೈಸೂರು ಪಾಕ್ ತಂದು, “ಸಿಸ್ಟರ್, ನೀವಿದ್ದದ್ದಕ್ಕೆ ಅಪ್ಪ ಬದುಕಿದ್ರು” ಅಂತ ಕೈಗಿಟ್ಟರು. ಎಲ್ಲರೂ ತಿಂದರು. ನನಗೆ ಇವತ್ತಿಗೂ ಮೈಸೂರು ಪಾಕ್ ಸೇರುವುದಿಲ್ಲ.

ಯಾರೂ ನನ್ನನ್ನು ಬೈಯಲಿಲ್ಲ. ಯಾರಿಗೂ ಗೊತ್ತೇ ಆಗಲಿಲ್ಲ. ಆದರೆ ಅವತ್ತು ಆ ಅಜ್ಜ ಹೋಗಿಬಿಟ್ಟಿದ್ದರೆ ‘ನರ್ಸ್ ನಿರ್ಲಕ್ಷ್ಯ’ ಅಂತ ನಿಮ್ಮ ಪತ್ರಿಕೆಯಲ್ಲೂ ಎರಡು ಕಾಲಂ ಬರುತ್ತಿತ್ತೇನೋ. ಆ ನರ್ಸ್‌ಗೆ ಆ ರಾತ್ರಿ ಎಷ್ಟು ಜನ ರೋಗಿಗಳಿದ್ದರು ಅನ್ನುವುದು ಅದರಲ್ಲಿ ಇರುತ್ತಿರಲಿಲ್ಲ.

ಐಸಿಯು ಹುಟ್ಟಿದ್ದೇ ತಲೆಗೊಬ್ಬರು ಅನ್ನುವ ಲೆಕ್ಕದಿಂದ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿ, ಉಸಿರಾಟದ ಸ್ನಾಯು ಸೋತ ಮಕ್ಕಳು ಸಾಲುಸಾಲಾಗಿ ಸಾಯುತ್ತಿದ್ದರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಗಂಟಲಿಗೆ ತೂತು ಮಾಡಿ ಟ್ಯೂಬ್ ಹಾಕಿ, ಒಂದು ಚೀಲವನ್ನು ಕೈಯಲ್ಲಿ ಒತ್ತಿ ಉಸಿರು ಕೊಡಬಹುದು ಅಂತ ತೋರಿಸಿದರು. ಯಂತ್ರ ಸಾಲದು. ಸುಮಾರು 1,500 ಜನ ಮೆಡಿಕಲ್ ವಿದ್ಯಾರ್ಥಿಗಳು ಪಾಳಿಯ ಮೇಲೆ ಬಂದು, ಹಗಲೂ ರಾತ್ರಿ ಒಬ್ಬೊಬ್ಬ ರೋಗಿಯ ಪಕ್ಕ ಕೂತು ಚೀಲ ಒತ್ತಿದರು. ಅದಾದ ಮೇಲೆಯೇ, 1953ರ ಕೊನೆಗೆ, ಇಬ್ಸೆನ್ ಅಲ್ಲಿ ಮೊದಲ ಐಸಿಯು ತೆರೆದದ್ದು. ನಮ್ಮಲ್ಲಿ ಹೊಸ ಐಸಿಯು ಉದ್ಘಾಟನೆಯಾದರೆ ವೆಂಟಿಲೇಟರ್ ಎಷ್ಟು ಅಂತ ಬರೆಯುತ್ತೇವೆ. ಪಕ್ಕದಲ್ಲಿ ಕೂರುವವರು ಎಷ್ಟು ಅಂತ ಕೇಳುವುದಿಲ್ಲ.

ಅಮೆರಿಕ ಈ ವಿಷಯದಲ್ಲಿ ಸ್ವರ್ಗ ಅಂತ ಯಾರೂ ತಿಳಿಯಬೇಡಿ. ಇಬ್ಬರು ಅನ್ನುವುದು ಇಲ್ಲಿ ಬಹಳ ಕಡೆ ಬರೀ ರೂಢಿ. ಕಾನೂನಾಗಿರುವುದು ಕೆಲವೇ ರಾಜ್ಯಗಳಲ್ಲಿ. ಕಾನೂನಿಲ್ಲದ ಒಂದು ರಾಜ್ಯದಲ್ಲಿ ನನಗೆ ಹದಿಮೂರು ವಾರದಲ್ಲಿ ಒಂಬತ್ತು ಸಲ ಮೂವರನ್ನು ಕೊಟ್ಟರು. ಇಲ್ಲಿನವರು ಅದಕ್ಕೆ ‘ಟ್ರಿಪಲ್’ ಅನ್ನುತ್ತಾರೆ. ಟ್ರಾವೆಲರ್ ನಾಳೆ ಹೋಗುವವಳು, ಅವಳ ಪರವಾಗಿ ಜಗಳ ಆಡುವವರು ಯಾರು? ಬೇರೆ ವಾರ್ಡಿನಲ್ಲಿ ನರ್ಸ್ ಕಮ್ಮಿಯಾದರೂ ಮೊದಲು ಅಲ್ಲಿಗೆ ಓಡಿಸುವುದು ನಮ್ಮನ್ನೇ. ಇನ್ನೊಂದು ಕಡೆ ಐದನೇ ವಾರಕ್ಕೆ, ರೋಗಿಗಳು ಕಮ್ಮಿಯಾದರು ಅಂತ, ಫೋನಿಗೆ ಒಂದು ಮೆಸೇಜ್ ಕಳಿಸಿ ಕಾಂಟ್ರಾಕ್ಟ್ ಮುರಿದರು. ಮೂರು ತಿಂಗಳ ಬಾಡಿಗೆ ಮುಂಗಡ ಕೊಟ್ಟಾಗಿತ್ತು. ಗೋಳಾಡಲು ಒಂದು ಸ್ಟಾಫ್ ರೂಮ್ ಕೂಡ ನಮ್ಮದಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಬೇರೆ ಥರ. ಪ್ರತಿ ವಾರ್ಡಿನಲ್ಲೂ ಒಬ್ಬ ನರ್ಸ್‌ಗೆ ಹೆಚ್ಚೆಂದರೆ ಎಷ್ಟು ರೋಗಿ ಅಂತ 1999ರಲ್ಲಿ ಕಾನೂನು ಮಾಡಿ 2004ರಿಂದ ಜಾರಿಗೆ ತಂದ ರಾಜ್ಯ ಅದು. ಐಸಿಯುಗೆ ಇಬ್ಬರು, ಅದಕ್ಕಿಂತ ಜಾಸ್ತಿ ಕೂಡದು. ನನ್ನ ಟೆಕ್ಸಾಸ್ ಲೈಸೆನ್ಸ್ ಒಪ್ಪಂದ ಮಾಡಿಕೊಂಡ ನಲವತ್ತರಷ್ಟು ರಾಜ್ಯಗಳಲ್ಲಿ ನಡೆಯುತ್ತದೆ, ಕ್ಯಾಲಿಫೋರ್ನಿಯಾ ಅದಕ್ಕೆ ಸೇರಿಲ್ಲ. ಹಾಗಾಗಿ ಬೇರೆ ಲೈಸೆನ್ಸ್‌ಗೆ ತಿಂಗಳುಗಟ್ಟಲೆ ಕಾದು, ಫ್ರೆಸ್ನೊ ಕಡೆ ಒಂದು ಕಾಂಟ್ರಾಕ್ಟ್ ಮಾಡಿದೆ. ಮೊದಲ ರಾತ್ರಿ ಒಂದು ಗಂಟೆಗೆ ಒಬ್ಬಳು ಬಂದು ನನ್ನ ಎದುರು ನಿಂತಳು. “ನಿನ್ನ ಇಬ್ಬರು ರೋಗಿಗಳ ವಿಷಯ ನನಗೆ ಹೇಳು, ಊಟಕ್ಕೆ ಹೋಗು” ಅಂದಳು. ನನಗೆ ಅರ್ಥವಾಗಲಿಲ್ಲ. ಪಕ್ಕದವಳಿಗೆ ಒಪ್ಪಿಸಿ ಹೋದರೆ ಆ ಅರ್ಧ ಗಂಟೆ ಅವಳಿಗೆ ನಾಲ್ಕು ಜನ ಆಗುತ್ತಾರಂತೆ, ಅದೂ ಕಾನೂನು ಮುರಿದ ಹಾಗೆ. ಅದಕ್ಕೇ ಊಟದ ಹೊತ್ತಿಗೆ ಅಂತಲೇ ಒಬ್ಬ ನರ್ಸ್. ಬೆಂಗಳೂರಿನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಔಷಧಿ ಟ್ರಾಲಿಯ ಪಕ್ಕ ನಿಂತುಕೊಂಡು ತಣ್ಣಗಾದ ಚಿತ್ರಾನ್ನ ನುಂಗಿದವಳು ನಾನು. ಅವತ್ತು ಕುರ್ಚಿಯಲ್ಲಿ ಕೂತು ಮೊಸರನ್ನ ತಿಂದೆ. ಒಂದು ನಿಮಿಷಕ್ಕೆ ಎರಡು ಸಲ ಬಾಗಿಲು ನೋಡಿದೆ. ಯಾರೂ ಕರೆಯಲಿಲ್ಲ.

ಇದು ನರ್ಸ್‌ಗಳ ಸುಖದ ಮಾತಷ್ಟೇ ಅಂದುಕೊಳ್ಳುವವರಿಗೆ ಒಂದು ವಿಷಯ. ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತು ಅವರ ಜೊತೆಯವರು ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ಆಪರೇಷನ್ ಆದ ರೋಗಿಗಳ ಲೆಕ್ಕ ಹಾಕಿ 2002ರಲ್ಲಿ ಪ್ರಕಟಿಸಿದರು. ನರ್ಸ್‌ಗೆ ಒಬ್ಬ ರೋಗಿ ಜಾಸ್ತಿಯಾದಂತೆ, ಮೂವತ್ತು ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತಿತ್ತು. ಅದು ಇಡೀ ಆಸ್ಪತ್ರೆಯ ಸರಾಸರಿ ಲೆಕ್ಕ. ಐಸಿಯುನಲ್ಲಿ ಹೇಗಿರಬಹುದು ಅಂತ ನನಗೆ ಆ ಮೂಲೆ ಬೆಡ್ಡಿನ ಅಜ್ಜ ಆಗಲೇ ಹೇಳಿಕೊಟ್ಟಿದ್ದರು.

ಕಳೆದ ವರ್ಷ ಆಗಸ್ಟ್‌ನಲ್ಲಿ ಅಪ್ಪನಿಗೆ ಪಿತ್ತಕೋಶದ ಕಲ್ಲು ನಾಳಕ್ಕೆ ಸಿಕ್ಕಿಕೊಂಡು ಸೋಂಕು ರಕ್ತಕ್ಕೇರಿತು. ಜ್ವರ, ನಡುಕ, ಬಿಪಿ ಇಳಿಯಿತು. ತಮ್ಮ ರಾತ್ರೋರಾತ್ರಿ ಹತ್ತಿರದ ಪಟ್ಟಣದ ಖಾಸಗಿ ಆಸ್ಪತ್ರೆಗೆ ಸೇರಿಸಿದ. ನಾನು ಆಗ ಅರಿಜೋನಾದಲ್ಲಿ ಡ್ಯೂಟಿ ಮೇಲೆ. ಫೋನ್ ಮಾಡಿ ತಮ್ಮ ಬಿಪಿ, ಕ್ರಿಯಾಟಿನಿನ್, ಡಾಕ್ಟರ್ ಏನಂದರು ಎಲ್ಲ ಒಪ್ಪಿಸಿದ. ನಾನು ಕೇಳಿದೆ, “ಒಳಗೆ ಎಷ್ಟು ಬೆಡ್ ಇದೆ? ಎಷ್ಟು ಜನ ಸಿಸ್ಟರ್ ಇದ್ದಾರೆ?”

“ಅದೆಲ್ಲ ಯಾಕಕ್ಕ ಈಗ?”

“ಎಣಿಸು.”

ಗಾಜಿನ ಬಾಗಿಲಿಗೆ ಮುಖ ಒತ್ತಿ ಎಣಿಸಿದ. ಒಂಬತ್ತು ಬೆಡ್, ಒಂಬತ್ತೂ ಭರ್ತಿ. ಇಬ್ಬರು ಸಿಸ್ಟರ್.

ನಾನು ಆ ಹೊತ್ತಿಗೆ ಇಬ್ಬರನ್ನು ನೋಡಿಕೊಳ್ಳುತ್ತಿದ್ದೆ. ಅದರಲ್ಲೊಬ್ಬರು ಎಪ್ಪತ್ತು ದಾಟಿದ ಗಂಡಸು, ಅದೇ ಕಾಯಿಲೆ, ಅದೇ ಔಷಧಿ. ಪಕ್ಕದ ಸ್ಟೂಲಿನಲ್ಲಿ ಮುಂದಿನ ಲೆವೊಫೆಡ್ ಚೀಲ ತಯಾರಾಗಿತ್ತು. ನಮ್ಮ ಅಪ್ಪನ ಪಕ್ಕದಲ್ಲಿ?

ಬೆಳಿಗ್ಗೆ ತಮ್ಮ ಹೇಗೋ ಬೇಡಿಕೊಂಡು ಫೋನನ್ನು ಸಿಸ್ಟರ್ ಕೈಗೆ ಕೊಟ್ಟ. ಹಾವೇರಿ ಕಡೆಯ ಹುಡುಗಿ, ಇಪ್ಪತ್ಮೂರು ವರ್ಷ, ರಾತ್ರಿಯಿಂದ ಕೂತಿಲ್ಲ ಅನ್ನುವುದು ದನಿಯಲ್ಲೇ ಗೊತ್ತಾಗುತ್ತಿತ್ತು. ನಾನೂ ನರ್ಸ್ ಅಂದೆ. ಏನು ಕೇಳುವುದು? ಒಂದೇ ಮಾತು ಕೇಳಿದೆ, “ನಾರ್‌ಅಡ್ ಎರಡನೇ ಸಿರಿಂಜ್...”

“ಲೋಡ್ ಮಾಡಿ ಇಟ್ಟೇನಿ ಅಕ್ಕ,” ಅಂದಳು. ನಾನು ವಾಕ್ಯ ಮುಗಿಸುವ ಮೊದಲೇ.

ಅಪ್ಪ ನಾಲ್ಕನೇ ದಿನ ಐಸಿಯುನಿಂದ ಹೊರಗೆ ಬಂದರು. ಮುಂದಿನ ತಿಂಗಳು ಊರಿಗೆ ಬಂದಾಗ ಆ ಹುಡುಗಿಯನ್ನು ಹುಡುಕಿಕೊಂಡು ಹೋದೆ. ಸಂಬಳ 16,000 ರೂಪಾಯಿ ಅಂದಳು. ಖಾಸಗಿ ನರ್ಸ್‌ಗಳ ಸಂಬಳದ ಬಗ್ಗೆ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತ್ತು. ಐವತ್ತು ಬೆಡ್‌ಗಿಂತ ಚಿಕ್ಕ ಆಸ್ಪತ್ರೆಯಲ್ಲೂ 20,000ಕ್ಕೆ ಕಮ್ಮಿ ಇರಬಾರದು ಅಂತ ಆ ಸಮಿತಿ ಬರೆಯಿತು. ಎಷ್ಟು ವರ್ಷವಾಯಿತು ನೋಡಿ. ಐಸಿಯುಗೆ ರೋಗಿಗೊಬ್ಬ ನರ್ಸ್ ಅನ್ನುವ ಮಾನದಂಡ ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ಕಾಗದದಲ್ಲೂ ಇತ್ತು. ನಾವು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು. ಐದು ಅಂಕದ ಪ್ರಶ್ನೆ. 1947ರ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ಕಾಯ್ದೆ ಬಂದಿದೆ. ಬಾಯಿಪಾಠ ಹಾಗೇ ನಡೆದಿದೆ.

ಸಂಪಾದಕರೇ, ಉಳಿಸಿ ಅಂದ ಕೊನೆಯ ಭಾಗ ಇದು. ನಮ್ಮ ರಾಜ್ಯದ ಖಾಸಗಿ ಆಸ್ಪತ್ರೆಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದರಪಟ್ಟಿಯನ್ನು ಗೋಡೆಗೆ ಹಾಕಬೇಕು. ಅದರ ಪಕ್ಕದಲ್ಲೇ, ಐಸಿಯು ಬಾಗಿಲಿಗೆ, ಇನ್ನೊಂದು ಬೋರ್ಡ್ ಹಾಕಿಸಲು ಆಗುವುದಿಲ್ಲವೇ? ಸೀಮೆಸುಣ್ಣದಲ್ಲಿ ಬರೆದರೂ ಸಾಕು. ಈ ಪಾಳಿಯಲ್ಲಿ ರೋಗಿಗಳು ಇಷ್ಟು, ನರ್ಸ್‌ಗಳು ಇಷ್ಟು. ಇಲ್ಲಿ ಮುದುಕರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮ್‌ಗಳು ದಿನವೂ, ಪಾಳಿ ಪಾಳಿಗೂ ಹೀಗೆ ಬರೆದು ಹಾಕಲೇಬೇಕು ಅಂತ ನಿಯಮವಿದೆ. ದೊಡ್ಡ ಖರ್ಚೇನೂ ಇಲ್ಲ. ಸರ್ಕಾರ ಮಾಡುವವರೆಗೆ ನೀವು ಒಂದು ಕೆಲಸ ಮಾಡಬಹುದು. ಐಸಿಯುನಲ್ಲಿ ಏನಾದರೂ ಅವಘಡವಾಗಿ ನಿಮ್ಮ ವರದಿಗಾರರು ಹೋದಾಗ, ಯಾರು ಕರ್ತವ್ಯದಲ್ಲಿದ್ದರು ಅಂತ ಕೇಳುವ ಜೊತೆಗೆ ಎಷ್ಟು ಜನ ಇದ್ದರು, ಎಷ್ಟು ರೋಗಿಗಳಿಗೆ ಅಂತಲೂ ಕೇಳಲಿ. ಆ ಎರಡು ಅಂಕಿಗಳನ್ನು ಸುದ್ದಿಯಲ್ಲಿ ಹಾಕಿ.

ಪಕ್ಕದ ಮನೆಯ ಹುಡುಗಿಗೂ ಒಂದು ಮಾತು. ಅಪ್ಪ ಇದನ್ನು ನಿನಗೆ ಓದಿ ಹೇಳುತ್ತಾರೆ ಅಂತ ಗೊತ್ತು. ಇಲ್ಲಿ ಪ್ರತಿ ಕಾಂಟ್ರಾಕ್ಟಿಗೂ ಮೊದಲು ಐಸಿಯು ಮ್ಯಾನೇಜರ್ ಜೊತೆ ಫೋನಿನಲ್ಲಿ ಹದಿನೈದು ನಿಮಿಷದ ಇಂಟರ್‌ವ್ಯೂ ಇರುತ್ತದೆ. ಕೊನೆಯಲ್ಲಿ, ನಿನ್ನದೇನಾದರೂ ಪ್ರಶ್ನೆ ಇದೆಯಾ ಅನ್ನುತ್ತಾರೆ. ಟ್ರಿಪಲ್ ಆಗಿ ಸುಸ್ತಾದ ಮೇಲೆ ನಾನು ಕೇಳುವುದು ಒಂದೇ: ರಾತ್ರಿ ಪಾಳಿಯಲ್ಲಿ ಒಬ್ಬರಿಗೆ ಎಷ್ಟು ಜನ? ನೇರವಾಗಿ ಉತ್ತರ ಬಾರದಿದ್ದರೆ ಬೇಡ ಅನ್ನುತ್ತೇನೆ. ನೀನು ಅಮೆರಿಕಕ್ಕೆ ಬಾ, ಬಿಡು, ಅದು ಆಮೇಲಿನ ವಿಷಯ. ಮುಂದೆ ಚಿಕ್ಕಮಗಳೂರಿನಲ್ಲೋ ಶಿವಮೊಗ್ಗದಲ್ಲೋ ಮೊದಲ ಇಂಟರ್‌ವ್ಯೂಗೆ ಹೋದಾಗ ಇದನ್ನು ಕೇಳು. ಕೆಲಸ ಬೇಕಿರುವ ಹುಡುಗಿ ಹೇಗೆ ಕೇಳುವುದು ಅನ್ನುತ್ತೀಯಾ? ನಾನೂ 2006ರಲ್ಲಿ ಕೇಳಲಿಲ್ಲ. ಒಬ್ಬಳಿಗೆ ಕಷ್ಟವಾದರೆ ನಿನ್ನ ಕ್ಲಾಸಿನವರೆಲ್ಲ ಸೇರಿ ಕೇಳಿ.

ಏಳಕ್ಕೆ ಡ್ಯೂಟಿ. ಕಾರಿನ ಮೇಲಿನ ಹಿಮ ಕೆರೆಯಲು ಇಪ್ಪತ್ತು ನಿಮಿಷ ಬೇಕು, ಹೊರಡುತ್ತೇನೆ. ಪತ್ರದ ಕೆಳಗೆ ನನ್ನ ಹೆಸರು ಹಾಕಬೇಡಿ. ಕಡೂರಿನಲ್ಲಿ ಯಾರು ಬರೆದದ್ದು ಅಂತ ಹೇಗೂ ಗೊತ್ತಾಗುತ್ತದೆ, ಅಪ್ಪನೇ ಹೇಳಿಕೊಂಡು ಬರುತ್ತಾರೆ. ಏಜೆನ್ಸಿಯವರಿಗೆ ಪುಣ್ಯಕ್ಕೆ ಕನ್ನಡ ಬರುವುದಿಲ್ಲ.

ಇಂತಿ,
ನಿಮ್ಮ ಹಳೆಯ ಓದುಗಿ,
ಒಬ್ಬ ಐಸಿಯು ನರ್ಸ್